ಪಕ್ಕದ ಗೇಟಿನ ವೆಲಿಟಾ ಬಾಯಿ

ಗಂಟಲಿನ ಆಪರೇಶನ್ ಆಗುವ ತನಕ ಅಬುಧಾಬಿಯ ಕೊಂಕಣಿ ಕ್ರೈಸ್ತರಿಗೆ ವೆಲಿಟಾ ಮಿನೇಜಸ್ ಎಂದರೆ ಒಂದು ಸ್ವರ. ಶಿರ್ವದ ಕಡೆಯ ಹೆಣ್ಣು. ಮದುವೆಯಾದ ಮರುವರ್ಷ ಗಂಡ ಗ್ರೆಗೊರಿಯ ಹಿಂದೆ ಬಂದು ಖಾಲಿದಿಯಾ ಬಡಾವಣೆಯ ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಶನ್‌ಗೆ ಸೇರಿದವಳು, ಅದೇ ಕುರ್ಚಿಯಲ್ಲಿ ತಲೆ ನರೆಯುವವರೆಗೆ ಕೂತಳು. ಗ್ರೆಗೊರಿಗೆ ಸಮುದ್ರದ ನಡುವಿನ ಎಣ್ಣೆ ದ್ವೀಪದಲ್ಲಿ ಅಡುಗೆಮನೆ ಕೆಲಸ. ಕೆಲವು ವಾರ ಅಲ್ಲಿ, ಕೆಲವು ವಾರ ಮನೆಯಲ್ಲಿ. ಮಗಳು ಆಶ್ಲೆ ದುಬೈಯಲ್ಲಿ ಕೆಲಸ ಹಿಡಿದು ಅಲ್ ಬರ್ಷಾದಲ್ಲಿ ರೂಮು ಮಾಡಿಕೊಂಡಿದ್ದಳು, ಶನಿವಾರ ಬಸ್ಸು ಹತ್ತಿ ಬರುತ್ತಿದ್ದಳು. ಮನೆ ಬಿಕೋ ಎನ್ನುವ ಸಂಜೆಗಳನ್ನೆಲ್ಲ ವೆಲಿಟಾ ಚರ್ಚಿನ ಗಾಯನ ಮಂಡಳಿಗೆ ಕೊಟ್ಟಿದ್ದಳು. ಹಬ್ಬದ ಪೂಜೆಯಲ್ಲಿ ಅವಳ ಮೇಲುಸ್ವರ ಎದ್ದಿತೆಂದರೆ ಹೊರಗೆ ಅಂಗಳದಲ್ಲಿ ನಿಂತವರೂ ತಲೆಯೆತ್ತುತ್ತಿದ್ದರು.

ಥೈರಾಯ್ಡಿನ ಗಡ್ಡೆ ತೆಗೆದ ಮೇಲೆ ಆ ಸ್ವರ ಹೋಯಿತು. ಸ್ವರದ ನರಕ್ಕೆ ಏಟಾಗಿದೆ, ವರ್ಷದೊಳಗೆ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಮಾತಾಡಲು ಹೊರಟರೆ ಸೈಕಲ್ ಟ್ಯೂಬಿನಿಂದ ಗಾಳಿ ಸೋರಿದ ಹಾಗೆ ಒಂದು ಸದ್ದು. ಕ್ಲಿನಿಕ್ಕಿನವರು ಅವಳನ್ನು ಫೋನಿನ ಮುಂದಿನಿಂದ ಎಬ್ಬಿಸಿ, ಹಿಂದಿನ ಕೋಣೆಯಲ್ಲಿ ಉಪಕರಣ ತೊಳೆದು ಕುದಿಸುವ ಕಡೆ ಹಾಕಿದರು. ವೀಸಾ ಮುಂದುವರಿಸುವ ಮಾತೆತ್ತಿದಾಗ ಹೊಸ ಮ್ಯಾನೇಜರ್ "ನೋಡೋಣ" ಎಂದ. ಮನೆಗೆ ಬಂದು ಅವಳು ವೀಸಾದ ತಾರೀಖು ತೆಗೆದು ನೋಡಿದಳು. ಮಂಡಳಿಯಲ್ಲಿ ಕೆಲವು ವಾರ ಬರೀ ತುಟಿಯಾಡಿಸುತ್ತ ನಿಂತಳು. ಯಾರೂ ಹೋಗು ಎನ್ನಲಿಲ್ಲ. ಪಕ್ಕದಲ್ಲಿ ನಿಂತವರು ತನ್ನನ್ನು ನೋಡದಿರಲು ಕಷ್ಟಪಡುತ್ತಿದ್ದಾರೆ ಎಂದು ಗೊತ್ತಾದ ದಿನ ಅವಳೇ ಬಿಟ್ಟಳು.

ಅವಳನ್ನು ಚರ್ಚಿನ ಗೇಟು ಕಾಯಲು ಕರೆದದ್ದು ಆಸ್ವಾಲ್ಡ್ ಕ್ರಾಸ್ತಾ. ಚರ್ಚಿನ ಸ್ವಯಂಸೇವಕರ ಮುಖ್ಯಸ್ಥ. ಎಲೆಕ್ಟ್ರಾ ಸ್ಟ್ರೀಟಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಮ್ಯಾನೇಜರ್. ಶಿಸ್ತಿನ ಮನುಷ್ಯ, ಇಸ್ತ್ರಿ ಮುದುಡದ ಅಂಗಿ.

"ಮನೆಯಲ್ಲಿ ಕೂತು ಚಿಂತೆ ಮಾಡುದು ಎಂತಕ್ಕೆ ವೆಲಿಟಾ ಬಾಯ್? ಪವಿತ್ರ ವಾರಕ್ಕೆ ಜನ ಬೇಕು. ಗೇಟಿನಲ್ಲಿ ನಿಲ್ಲಲಿಕ್ಕೆ ಸ್ವರ ಬೇಡ," ಎಂದರು.

ಆ ಕೊನೆಯ ಮಾತು ಎಷ್ಟು ಸುಳ್ಳೆಂದು ಇಬ್ಬರಿಗೂ ಆಗ ತಿಳಿಯಲಿಲ್ಲ.

ಈಸ್ಟರಿನ ಪವಿತ್ರ ವಾರಕ್ಕೆ ಮುಂಚೆ ಸ್ವಯಂಸೇವಕರನ್ನೆಲ್ಲ ಚರ್ಚಿನ ಸಭಾಂಗಣದಲ್ಲಿ ಕೂರಿಸಿ ಆಸ್ವಾಲ್ಡ್ ಮಾತಾಡಿದರು. ಒಮ್ಮೆ ಜೆರುಸಲೇಮಿಗೆ ಯಾತ್ರೆ ಹೋಗಿ ಬಂದ ಮೇಲೆ ಯೆಹೂದ್ಯರ ಪುರಾತನ ದೇವಾಲಯದ ಬಗ್ಗೆ ಸಿಕ್ಕಿದ್ದೆಲ್ಲ ಓದುವ ಹುಚ್ಚು ಹಿಡಿದಿತ್ತು ಅವರಿಗೆ.

"ಅಲ್ಲಿ ಬಾಗಿಲು ಕಾಯುದೂ ಆರಾಧನೆಯೇ," ಎಂದರು. "ಲೇವಿ ಕುಲದವರಿಗೇ ಆ ಕೆಲಸ, ಅವರಲ್ಲಿಯೂ ಕೆಲವು ಮನೆತನಗಳಿಗೆ ಮಾತ್ರ. ಬೆಳಗ್ಗೆ ಬಾಗಿಲು ತೆರೆಯುವವರು ಅವರು. ಪೂಜೆಯ ಪಾತ್ರೆ, ಎಣ್ಣೆ, ಧೂಪ ಇಟ್ಟ ಉಗ್ರಾಣ ಅವರ ವಶ. ಅಶುದ್ಧ ಆದವ ಯಾರಾದ್ರೂ ಒಳಗೆ ಕಾಲಿಟ್ರೆ ಅವರೇ ಉತ್ತರ ಹೇಳ್ಬೇಕು. ಯಾರಿಗೆ ಯಾವ ದಿಕ್ಕಿನ ಬಾಗಿಲು ಅಂತ ಚೀಟಿ ಹಾಕಿ ನೋಡ್ತಿದ್ದರು, ಹಿರಿಯ ಕಿರಿಯ ಅಂತ ಇಲ್ಲ. ಕತ್ತಲಾದ ಮೇಲೆ ಮೇಲ್ವಿಚಾರಕ ದೀವಟಿಗೆ ಹಿಡಿದು ಸುತ್ತು ಬರುವಾಗ ಕಾವಲಿನವ ಎದ್ದು ನಿಂತು ವಂದಿಸ್ಬೇಕು. ತೂಕಡಿಸುವಾಗ ಸಿಕ್ಕಿಬಿದ್ನಾ, ಪೆಟ್ಟು! ಮೈಮೇಲಿನ ಬಟ್ಟೆಗೆ ಬೆಂಕಿ!"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಸ್ವಾಲ್ಡ್ ನಗಲಿಲ್ಲ.

"ಪಾಸ್ಕ ಹಬ್ಬಕ್ಕೆ ಊರೂರಿನಿಂದ ಜನ ಬರ್ತಿದ್ದರು. ಎಲ್ಲರೂ ಒಮ್ಮೆಲೇ ಹಿಡಿಸ್ಬೇಕಲ್ಲ? ಮೂರು ತಂಡ ಮಾಡ್ತಿದ್ದರು. ಒಂದು ತಂಡ ಒಳಗೆ, ಅಂಗಳ ಭರ್ತಿ, ಬಾಗಿಲು ಬಂದ್. ಅವರು ಹೊರಗೆ ಹೋದ ಮೇಲೆ ಇನ್ನೊಂದು. ನಮ್ಮಲ್ಲಿ ಮಲಯಾಳಂ ಪೂಜೆ, ಇಂಗ್ಲಿಷ್ ಪೂಜೆ, ಫಿಲಿಪಿನೋದವರ ತಗಾಲೋಗ್ ಪೂಜೆ ಇಲ್ವಾ, ಹಾಗೆಯೇ. ಅಷ್ಟು ಮಾಡಿದ್ರೂ ಒಂದು ವರ್ಷ ನೂಕುನುಗ್ಗಲಲ್ಲಿ ಒಬ್ಬ ಮುದುಕ ಜಜ್ಜಿಹೋದನಂತೆ. ಆ ವರ್ಷದ ಹಬ್ಬಕ್ಕೆ 'ಜಜ್ಜಿದ ಪಾಸ್ಕ' ಅಂತಲೇ ಹೆಸರು ಬಿತ್ತು. ನಮ್ಮಲ್ಲಿ ಹಾಗೆ ಆಗಬಾರ್ದು. ಅದಕ್ಕೇ ನಾವಿರುದು."

ವೆಲಿಟಾಗೆ ಒಂದು ಪ್ರಶ್ನೆ ಬಂತು. ಅವಳ ಪಿಸುಮಾತು ಮುಂದಿನವರೆಗೆ ಮುಟ್ಟಲಿಲ್ಲ; ಪಕ್ಕದಲ್ಲಿದ್ದ ಹೆಂಗಸು ಅವಳ ಪರವಾಗಿ ಕೂಗಿ ಕೇಳಿದಳು: "ಹಾಡುವವರೂ ಲೇವಿಯರೇ ಅಲ್ವಾ? ಅವರು ಬಾಗಿಲು ಕಾಯ್ತಿದ್ದರಾ ಅಂತ ಕೇಳ್ತಾರೆ."

"ಇಲ್ಲ ಇಲ್ಲ. ಅವರ ಕೆಲಸ ಬೇರೆ, ಇವರ ಕೆಲಸ ಬೇರೆ. ಒಬ್ಬರದ್ದಕ್ಕೆ ಇನ್ನೊಬ್ಬರು ಕೈ ಹಾಕಿದ್ರೆ ಮರಣದಂಡನೆಗೆ ಸಮನಾದ ತಪ್ಪು ಅಂತಲೂ ಕೆಲವರು ಹೇಳ್ತಿದ್ದರು. ಒಮ್ಮೆ ಒಬ್ಬ ಗಾಯಕ ಸಹಾಯ ಮಾಡುವ ಅಂತ ಬಾಗಿಲು ಮುಚ್ಚಲಿಕ್ಕೆ ಹೋದನಂತೆ. ದ್ವಾರಪಾಲಕ ಹೇಳಿದ್ನಂತೆ, ಮಗಾ, ಹಿಂದೆ ಹೋಗು, ನೀನು ಹಾಡುವವರ ಪೈಕಿ, ಬಾಗಿಲಿನವರ..."

ಯಾರಿಗೆ ಈ ಕಥೆ ಹೇಳುತ್ತಿದ್ದೇನೆಂದು ಅಲ್ಲಿಗೆ ಆಸ್ವಾಲ್ಡರಿಗೆ ಹೊಳೆಯಿತು. ಕೆಮ್ಮಿದರು, ನೀರು ಕುಡಿದರು, ಚೀಟಿಗಳ ಡಬ್ಬಿ ತೆರೆದರು. ವೆಲಿಟಾಗೆ ಬಂದದ್ದು ಪಕ್ಕದ ಗೇಟು.

ಅದು ಆಂಬುಲೆನ್ಸ್ ಬರುವ ಕಬ್ಬಿಣದ ಗೇಟು. ಒಳಗೆ ಗೋಡೆಯುದ್ದಕ್ಕೂ ಒಂದು ಓಣಿ, ಅದು ಸೀದಾ ಚರ್ಚಿನ ಬಾಗಿಲ ತನಕ. ಓಣಿ ಯಾವಾಗಲೂ ಖಾಲಿ ಇರಬೇಕು, ಗೇಟಿಗೆ ಯಾವಾಗಲೂ ಬೀಗ ಇರಬೇಕು. ಆಂಬುಲೆನ್ಸ್ ಮತ್ತು ಪಾದ್ರಿಗಳ ಕಾರು ಬಿಟ್ಟರೆ ಬೇರೆ ಯಾರಿಗೆ ತೆರೆಯುವುದಾದರೂ ಆಸ್ವಾಲ್ಡರ ಅಪ್ಪಣೆ ಬೇಕು. ಬೀಗದ ಕೀ ಇದ್ದದ್ದು ಹಂಝನ ಹತ್ತಿರ. ಉಳ್ಳಾಲದ ಹುಡುಗ ಹಂಝ, ಸೆಕ್ಯುರಿಟಿ ಕಂಪನಿಯೊಂದು ಚರ್ಚಿಗೆ ಕಳಿಸಿದ ಗಾರ್ಡ್. ಊರಲ್ಲಿ ಹೆಂಡತಿ ಶಮೀಮಳಿಗೆ ಹೆಣ್ಣು ಮಗುವಾಗಿ ಕೆಲವು ತಿಂಗಳಾಗಿತ್ತು. ಮಗುವನ್ನು ಇನ್ನೂ ಫೋನಿನಲ್ಲಷ್ಟೇ ನೋಡಿದ್ದ. ಮುಂದಿನ ತಿಂಗಳು ರಜೆ ಮಂಜೂರಾಗಿತ್ತು.

ಶುಭ ಶುಕ್ರವಾರದ ಮಧ್ಯಾಹ್ನ ಹೊಳೆಯುವ ಹಸಿರು ಜಾಕೆಟ್ ತೊಟ್ಟು ವೆಲಿಟಾ ಗೇಟಿನ ಒಳಗೆ ನಿಂತಳು. ಯಾರಾದರೂ ಜಗಳಕ್ಕೆ ಬಂದರೆ? ಕೂಗಿ ನಿಲ್ಲಿಸಬೇಕಾಗಿ ಬಂದರೆ? ಬೆಳಗಿನಿಂದ ಒಂದು ತುತ್ತು ಇಳಿದಿರಲಿಲ್ಲ. ಉಪವಾಸದ ದಿನ, ಯಾರೂ ಕೇಳಲಿಲ್ಲ.

"ಹೆದರ್ಬೇಡಿ ಬಾಯಮ್ಮ," ಎಂದ ಹಂಝ. "ಈ ಗೇಟಿಗೆ ಯಾರೂ ಬರುದಿಲ್ಲ. ನಾವಿಬ್ಬರೂ ಬಿಸಿಲು ಕಾಯಿಸಿಕೊಂಡು ನಿಲ್ಲುದು, ಅಷ್ಟೇ."

ಅವನು ಹೇಳಿದ ಹಾಗೆಯೇ ಇತ್ತು, ಮಲಯಾಳಂ ಪ್ರಾರ್ಥನೆ ಎಳೆದುಕೊಂಡು ಹೋಗುವ ತನಕ. ಶಿಲುಬೆಗೆ ಮುತ್ತಿಡುವ ಸಾಲು ಮುಗಿಯಲೇ ಇಲ್ಲ. ಇಂಗ್ಲಿಷ್ ಪ್ರಾರ್ಥನೆಗೆ ಬರುವವರು ಆಗಲೇ ಮುಖ್ಯ ಗೇಟಿನ ಮುಂದೆ ತುಂಬಿದ್ದರು. ಒಳಗಿನವರು ಹೊರಬರಲು, ಹೊರಗಿನವರು ಒಳನುಗ್ಗಲು ಒಂದೇ ಹೊತ್ತಿಗೆ ಶುರುಮಾಡಿದಾಗ ಗುಂಪು ಎರಡೂ ಕಡೆ ಹೋಗಲಾರದೆ ಗೋಡೆಯ ಗುಂಟ ಪಕ್ಕಕ್ಕೆ ಹರಿಯಿತು. ನೋಡುನೋಡುತ್ತಲೇ ವೆಲಿಟಾಳ ಗೇಟಿನಾಚೆ ಮುಖಗಳು ಕಂಡವು. ಮೊದಲು ಒಂದಿಷ್ಟು, ಆಮೇಲೆ ಗೇಟಿನ ಉದ್ದಗಲಕ್ಕೂ ಮುಖಗಳೇ.

"ಓಪನ್ ಮಾಡಿ ಮೇಡಂ!"

"ಸಿಸ್ಟರ್, ಪ್ಲೀಸ್!"

ಆಚೆ ಗೇಟಿಗೆ ಹೋಗಿ ಎಂದು ಅವಳು ಕೈ ತೋರಿಸಿದಳು. ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಮುಂದಿದ್ದವರು ಹಿಂದೆ ಸರಿಯುವ ಹಾಗಿರಲಿಲ್ಲ, ಹಿಂದಿದ್ದವರಿಗೆ ಮುಂದೇನಿದೆಯೆಂದು ಕಾಣುತ್ತಿರಲಿಲ್ಲ. ಸರಳುಗಳಿಗೆ ಒತ್ತಿಕೊಂಡು ಒಬ್ಬ ಮುದುಕ, ಉಟ್ಟದ್ದು ಬಿಳಿ ಮುಂಡು, ಕನ್ನಡಕ ಓರೆಯಾಗಿದೆ. ಅವನ ಪಕ್ಕ ಮಗುವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ ತಾಯಿ.

ಹಂಝ ವಾಕಿಟಾಕಿಯಲ್ಲಿ ಆಸ್ವಾಲ್ಡರನ್ನು ಕರೆಯುತ್ತಲೇ ಇದ್ದ. ಗರಗರ ಸದ್ದು ಬಿಟ್ಟು ಉತ್ತರವಿಲ್ಲ.

"ತೆರೆ," ಎಂದಳು ವೆಲಿಟಾ.

"ಆರ್ಡರ್ ಇಲ್ಲದೆ ತೆರೆದ್ರೆ ನನ್ನ ಕೆಲಸ ಖಲಾಸ್, ಬಾಯಮ್ಮ."

ಅವನ ಕೈಯಲ್ಲಿ ಕೀ ಇತ್ತು. ಕೈ ಬೀಗದವರೆಗೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಮುದುಕನ ಬಾಯಿ ತೆರೆದುಕೊಂಡಿತು. ಅವನೂ ಏನೋ ಹೇಳಲು ನೋಡುತ್ತಿದ್ದ, ಅವನಿಗೂ ದನಿ ಬರಲಿಲ್ಲ. ಜಜ್ಜಿದ ಪಾಸ್ಕ ಎಂಬ ಎರಡು ಶಬ್ದ ಅವಳ ತಲೆಯೊಳಗೆ ಬಡಿದವು. ಅದರ ಬೆನ್ನಿಗೇ, ಹಿಂದೆ ಹೋಗು ಎಂಬುದೂ. ಅವಳು ಹಂಝನ ಕೈಯಿಂದ ಕೀ ಕಿತ್ತುಕೊಂಡು ಬೀಗ ತೆರೆದಳು.

ಜನ ಒಡ್ಡು ಒಡೆದ ನೀರಿನಂತೆ ಒಳಬಂದರು. ಮುದುಕ ಬಿದ್ದ, ಹಂಝ ಅವನ ರಟ್ಟೆ ಹಿಡಿದೆತ್ತಿ ಗೋಡೆಗೆ ಒರಗಿಸಿದ. ಮೊಣಕಾಲು ತರಚಿತ್ತು, ಉಸಿರಿತ್ತು. ಮಗುವಿನ ತಾಯಿ ನೆಲದ ಮೇಲೆ ಕುಕ್ಕರಿಸಿ ಅಳತೊಡಗಿದಳು. ದೇವರೇ, ಸರಿಯಾಯಿತು ಎಂದು ವೆಲಿಟಾ ಶಿಲುಬೆಯ ಗುರುತು ಹಾಕಿಕೊಂಡಳು. ಆ ಕೈ ಎದೆಯಿಂದ ಇಳಿಯುವ ಮುಂಚೆಯೇ ರಸ್ತೆಯಲ್ಲಿ ಆಂಬುಲೆನ್ಸಿನ ಸೈರನ್ ಕೇಳಿಸಿತು.

ಚರ್ಚಿನ ಒಳಗೆ ಒಬ್ಬ ಫಿಲಿಪಿನೋ ಗರ್ಭಿಣಿ ತಲೆಸುತ್ತಿ ಬಿದ್ದಿದ್ದಳು. ಅವಳಿಗೆಂದು ಕರೆಸಿದ ಗಾಡಿ ಅದು. ಓಣಿಯಲ್ಲಿ ಈಗ ಕಾಲಿಡಲು ಜಾಗವಿರಲಿಲ್ಲ. ವೆಲಿಟಾ ಎರಡೂ ಕೈ ಅಗಲಿಸಿ ಜನರನ್ನು ಗೋಡೆಗೆ ತಳ್ಳತೊಡಗಿದಳು, ಹಂಝ ಬೊಬ್ಬೆ ಹಾಕಿದ, ಆದರೆ ಹಿಂದಿನಿಂದ ಇನ್ನೂ ಬರುತ್ತಲೇ ಇದ್ದರು. ಕೊನೆಗೆ ಆಂಬುಲೆನ್ಸಿನವರು ಗಾಡಿ ಹೊರಗೇ ಬಿಟ್ಟು ಸ್ಟ್ರೆಚರನ್ನು ತಲೆಯೆತ್ತರಕ್ಕೆ ಹಿಡಿದು ನಡೆದರು. ಎಷ್ಟು ಹೊತ್ತು ತಡವಾಯಿತು ಎಂಬುದಕ್ಕೆ ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳಿದರು. ಸ್ಟ್ರೆಚರ್ ಹಿಂದೆ ಬರುವಾಗ ಆ ಹೆಂಗಸಿನ ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು.

ಆಸ್ವಾಲ್ಡ್ ಓಡಿ ಬಂದರು. ಅಂಗಿಯ ಗುಂಡಿ ಕಿತ್ತಿತ್ತು.

"ಯಾರು ತೆರೆದದ್ದು?"

ವೆಲಿಟಾ ಬಾಯಿ ತೆರೆಯುವಷ್ಟರಲ್ಲಿ ಹಂಝ, "ನಾನು ಸಾರ್," ಎಂದುಬಿಟ್ಟ.

ಪುನರುತ್ಥಾನದ ಭಾನುವಾರ ಗೇಟಿನಲ್ಲಿ ಬೇರೆ ಗಾರ್ಡ್ ಇದ್ದ. ಹಂಝನನ್ನು ಕಂಪನಿಯವರು ಡ್ಯೂಟಿಯಿಂದ ತೆಗೆದು ಕ್ಯಾಂಪಿನಲ್ಲಿ ಕೂರಿಸಿದ್ದಾರೆ, ವಿಚಾರಣೆ ಮುಗಿಯುವವರೆಗೆ ರಜೆಯೂ ಇಲ್ಲ ಎಂದ ಆ ಗಾರ್ಡ್. ಗರ್ಭಿಣಿಯ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಿದ್ದಾರೆ ಎಂದಷ್ಟೇ. ಮಗು ಉಳಿಯಲಿಲ್ಲವಂತೆ ಎಂದು ಕ್ಯಾಂಟೀನಿನ ಹತ್ತಿರ ಯಾರೋ ಅಂದದ್ದು ವೆಲಿಟಾಳ ಕಿವಿಗೆ ಬಿತ್ತು. ಯಾರು ಹೇಳಿದ್ದು ಎಂದು ಕೇಳಿದರೆ ಯಾರೂ ಒಪ್ಪಿಕೊಳ್ಳಲಿಲ್ಲ. ಪೂಜೆಯಲ್ಲಿ ಮಂಡಳಿಯವರು ಹಾಡಿದ್ದು ಅವಳಿಗೆ ಕೇಳಿಸಲೇ ಇಲ್ಲ.

"ಮಮ್ಮಿ, ಯು ಡಿಡ್ ದ ರೈಟ್ ಥಿಂಗ್," ಎಂದಳು ಆಶ್ಲೆ, ಮನೆಯಲ್ಲಿ ಹಬ್ಬದ ಊಟ ಮುಟ್ಟದೆ ಕೂತ ತಾಯಿಯನ್ನು ನೋಡಿ. "ಆ ಅಜ್ಜ ಸತ್ತುಹೋಗ್ತಿದ್ರು."

"ಆ ಕೂಸು ಸತ್ತಿದ್ರೆ?"

ಆಶ್ಲೆ ಎದ್ದು ತಟ್ಟೆಗಳನ್ನು ಒಳಗೆ ಒಯ್ದಳು. ದ್ವೀಪದಿಂದ ಗ್ರೆಗೊರಿ ಫೋನು ಮಾಡಿದಾಗ ವೆಲಿಟಾ ಎಲ್ಲ ಚೆನ್ನಾಗಿದೆ ಎಂದಳು. ಪಿಸುಗುಟ್ಟುವವರ ಸುಳ್ಳು ಫೋನಿನಲ್ಲಿ ಗೊತ್ತಾಗುವುದಿಲ್ಲ.

ಮರುದಿನ ಆಶ್ಲೆ ರಜೆ ಹಾಕಿ ತಾಯಿಯನ್ನು ಟ್ಯಾಕ್ಸಿಯಲ್ಲಿ ಮುಸಾಫ್ಫದ ಲೇಬರ್ ಕ್ಯಾಂಪಿನ ಕಡೆ ಕರೆದುಕೊಂಡು ಹೋದಳು. ಕ್ಯಾಂಪಿನ ಎದುರು ಒಂದು ಚಾಯದ ಅಂಗಡಿ. ಹಂಝ ಲುಂಗಿಯಲ್ಲೇ ಬಂದ. ಗಡ್ಡ ಬೆಳೆದಿತ್ತು.

"ನಾನು ಕಂಪನಿಗೆ ಬಂದು ಹೇಳ್ತೇನೆ," ಎಂದಳು ವೆಲಿಟಾ. "ಕೀ ಎಳ್ಕೊಂಡದ್ದು ನಾನು, ತೆರೆದದ್ದು ನಾನು."

ಅವನು ಎರಡೂ ಕೈ ಜೋಡಿಸಿದ. "ಅಲ್ಲಾನಾಣೆ ಬೇಡ ಬಾಯಮ್ಮ! ಗೇಟು ತೆರೆದೆ ಅಂದ್ರೆ ಹುಡುಗ ಗಾಬರಿಯಾದ ಅಂತ ಬಿಡಬಹುದು. ಕೀ ಬೇರೆಯವರ ಕೈಗೆ ಹೋಯ್ತು ಅಂದ್ರೆ ಸೀದಾ ವೀಸಾ ಕ್ಯಾನ್ಸಲ್, ಊರಿಗೆ ಟಿಕೆಟ್. ನೀವು ಸತ್ಯ ಹೇಳ್ಲಿಕ್ಕೆ ಹೋದ್ರೆ ನಾನು ಮುಗಿದೆ."

ವೆಲಿಟಾ ಚಾಯದ ಲೋಟ ಹಿಡಿದುಕೊಂಡು ಕೂತಳು. ಸತ್ಯ ಹೇಳಿದರೆ ತನ್ನ ಎದೆ ಹಗುರಾಗುತ್ತದೆ, ಭಾರ ಹೋಗಿ ಇವನ ತಲೆ ಮೇಲೆ ಬೀಳುತ್ತದೆ. ಹೇಳದಿದ್ದರೆ ತನ್ನ ಕೈಯ ಕೆಲಸಕ್ಕೆ ಇವನು ಕ್ಯಾಂಪಿನಲ್ಲಿ ಕೊಳೆಯುತ್ತಾನೆ. ಇಲ್ಲಿಯವರೆಗೆ ಅವಳು ಹೆದರಿದ್ದು ತಾನು ತಪ್ಪು ಮಾಡಿರಬಹುದು ಎಂದು. ತಪ್ಪು ಯಾರದ್ದೆಂದು ತೀರ್ಮಾನಿಸಲೂ ತನಗೆ ಹಕ್ಕಿಲ್ಲ ಎಂಬುದು ಈಗ ಅದಕ್ಕಿಂತ ದೊಡ್ಡ ಹೆದರಿಕೆಯಾಯಿತು.

"ಸೋ, ಆ ಗೇಟಿಗೆ ಯಾರು ಇನ್‌ಚಾರ್ಜ್?" ಎಂದು ಕೇಳಿದಳು ಆಶ್ಲೆ, ಫೋನಿನಿಂದ ತಲೆಯೆತ್ತಿ.

ಹಂಝ ವೆಲಿಟಾಳ ಮುಖ ನೋಡಿದ. "ಸ್ವಯಂಸೇವಕರು ಹೇಳಿದ ಹಾಗೆ ಕೇಳ್ಬೇಕು ಅಂತ ನಮಗೆ ಹೇಳಿದ್ದಾರೆ."

"ಹಾಗಾದ್ರೆ ನೀನು ಆರ್ಡರ್ ಇಲ್ಲದೆ ತೆರೆದದ್ದಲ್ಲ," ಎಂದಳು ವೆಲಿಟಾ ನಿಧಾನವಾಗಿ. "ನಾನು ತೆರೆ ಅಂದೆ. ಅಂದದ್ದು ಹೌದಲ್ಲ?"

"ಅಂದ್ರಿ. ಅದು ಹೌದು."

ಆ ಸಂಜೆಯೇ ಅವಳು ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಗೆ ಹೋದಳು. ಗಿರಾಕಿಗಳು ಹೋಗುವ ತನಕ ಲ್ಯಾಪ್‌ಟಾಪುಗಳ ಸಾಲಿನ ಮುಂದೆ ನಿಂತು ಕಾದಳು. ಆಸ್ವಾಲ್ಡ್ ಒಂದು ಸ್ಟೂಲು ಎಳೆದು ಕೂರಿಸಿ, ಅವಳ ಮಾತು ಕೇಳಲು ತಲೆಯನ್ನು ತೀರ ಹತ್ತಿರ ತಂದರು.

"ಗೇಟು ನನ್ನದು ಆಸ್ವಾಲ್ಡ್ ಬಾಬ್. ತೆರೆ ಅಂತ ಹೇಳಿದ್ದು ನಾನು. ಉತ್ತರ ಹೇಳ್ಬೇಕಾದ್ದೂ ನಾನೇ. ಅವನ ಕಂಪನಿಗೆ ನೀವು ಬರೆದು ಕೊಡಿ."

"ನಿಮಗೆ ತೆರೆಯುವ ಅಧಿಕಾರ ಇರ್ಲಿಲ್ಲ."

"ಇರ್ಲಿಲ್ಲ. ಅಧಿಕಾರ ಇದ್ದವರು ವಾಕಿಟಾಕಿಯಲ್ಲಿ ಸಿಗ್ಲಿಲ್ಲ."

ಅವಳು ಅದನ್ನು ಚುಚ್ಚಲು ಹೇಳಿದ್ದಲ್ಲ. ಆದರೆ ಆಸ್ವಾಲ್ಡರ ಮುಖ ಕಪ್ಪಿಟ್ಟಿತು. ಎದ್ದು ಹೋಗಿ ಅಂಗಡಿಯ ಎಸಿ ಕಡಿಮೆ ಮಾಡಿ ಬಂದರು, ಮತ್ತೆ ಹೆಚ್ಚು ಮಾಡಿದರು.

"ನಾನು ಚಾನೆಲ್ ತಿರುಗಿಸಿದ್ದೆ," ಎಂದರು ಕೊನೆಗೆ. "ಪಾರ್ಕಿಂಗಿನಲ್ಲಿ ಗಲಾಟೆ ಇತ್ತು. ಅವರ ಜೊತೆ ಮಾತಾಡಿ ಹಿಂದೆ ಹಾಕ್ಲಿಕ್ಕೆ ಮರೆತುಹೋಯ್ತು. ಮೂರು ರಾತ್ರಿಯಿಂದ ನಿದ್ದೆ ಬಿಟ್ಟಿದ್ದೇನೆ ವೆಲಿಟಾ ಬಾಯ್. ಗೇಟಿನ ಕ್ಯಾಮೆರಾ ನೋಡಿದೆ. ನೀವು ತೆರೆಯದಿದ್ರೆ ಆ ಮುದುಕ... ತೆರೆದದ್ದಕ್ಕೆ ಆ ಹೆಂಗಸು... ನನಗೆ ಎಂತ ಹೇಳ್ಬೇಕು ಅಂತ ಗೊತ್ತಾಗುದಿಲ್ಲ."

"ಕ್ಯಾಮೆರಾದಲ್ಲಿ ಕೀ ಯಾರ ಕೈಯಲ್ಲಿ ಇತ್ತು ಅಂತ ಕಾಣ್ತದಾ?"

ಆಸ್ವಾಲ್ಡ್ ಒಂದು ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. "ಜನ ಅಡ್ಡ ಇದ್ದರು," ಎಂದರು.

ಪತ್ರ ಹೋಯಿತು. ಸ್ವಯಂಸೇವಕಿ ಹೇಳಿದಂತೆ ಗಾರ್ಡ್ ನಡೆದುಕೊಂಡ, ಸಂಪರ್ಕ ತಪ್ಪಿದ್ದು ಚರ್ಚಿನವರ ಕಡೆಯಿಂದ ಎಂದು ಬರೆದು ಆಸ್ವಾಲ್ಡ್ ತಮ್ಮ ಸಹಿ ಹಾಕಿದ್ದರು. ಕಂಪನಿ ಹಂಝನನ್ನು ಸುಮ್ಮನೆ ಬಿಡಲಿಲ್ಲ, ಹೊರಗೂ ಹಾಕಲಿಲ್ಲ. ಊರಾಚೆಯ ಒಂದು ಗೋದಾಮಿಗೆ ವರ್ಗ ಮಾಡಿತು. ರಜೆಯನ್ನು ಮಳೆಗಾಲದವರೆಗೆ ಮುಂದೂಡಿತು. ಫೋನಿನಲ್ಲಿ ಅವನ ಸ್ವರ ನಗುತ್ತಿತ್ತು, ಆದರೆ ಮೊದಲಿನ ಸಲಿಗೆ ಇರಲಿಲ್ಲ. "ನೀವು ಒಳ್ಳೆಯದಕ್ಕೇ ಮಾಡಿದ್ದು ಬಾಯಮ್ಮ," ಎಂದ. ಫೋನು ಇಡುವ ಮುಂಚೆ, "ಮುಂದೆ ಯಾರ ಕೈಯಿಂದಲೂ ಕೀ ಎಳೀಬೇಡಿ," ಎಂದ.

ಗರ್ಭಿಣಿಯ ವಿಷಯ ತಿಳಿಯಲು ಇನ್ನೂ ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ವೆಲಿಟಾ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಉಪಕರಣಗಳನ್ನು ಎರಡೆರಡು ಸಲ ತೊಳೆದಳು. ಬಾಗಿಲು ಬಡಿದರೆ ಬೆಚ್ಚಿದಳು. ಪಾಪನಿವೇದನೆಗೆ ಹೋಗಿ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಹಿಂದಿನವರಿಗೆ ಬಿಟ್ಟುಕೊಟ್ಟು ಮನೆಗೆ ಬಂದಳು. ಏನೆಂದು ಹೇಳುವುದು? ತೆರೆದದ್ದು ಪಾಪವೋ, ತೆರೆಯದೆ ಅಷ್ಟು ಹೊತ್ತು ನಿಂತದ್ದು ಪಾಪವೋ? ಆ ಹಳೆಯ ದೇವಾಲಯದ ಕಾವಲಿನವರನ್ನು ನೆನೆದಳು. ಜಜ್ಜಿಹೋದ ಮುದುಕನ ಕಥೆ ಉಳಿದಿದೆ, ಹಬ್ಬಕ್ಕೆ ಬಿದ್ದ ಹೆಸರೂ ಉಳಿದಿದೆ. ಅವತ್ತು ಆ ಬಾಗಿಲಲ್ಲಿ ಸರದಿಯಿದ್ದವನ ಕಥೆ ಮಾತ್ರ ಯಾರೂ ಹೇಳುವುದಿಲ್ಲ. ಅವನು ಮನೆಗೆ ಹೋಗಿ ಹೆಂಡತಿಗೆ ಏನೆಂದ? ಮುಂದಿನ ಸರದಿಗೆ ಬಂದನೇ?

ಆಸ್ವಾಲ್ಡರ ಫೋನು ಬಂದಾಗ ಅವಳು ಬಸ್ ಸ್ಟಾಪಿನಲ್ಲಿದ್ದಳು. ತಾಯಿಯೂ ಹೊಟ್ಟೆಯ ಕೂಸೂ ಕ್ಷೇಮ, ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ, ರಕ್ತದೊತ್ತಡ ಇಳಿದಿತ್ತಂತೆ ಎಂದರು. ತಡವಾದದ್ದರಿಂದ ಏನಾದರೂ ತೊಂದರೆಯಾಯಿತೇ ಎಂದು ಅವಳು ಕೇಳಿದಳು. "ಅವರು ಅದರ ಸುದ್ದಿಯೇ ಎತ್ತಲಿಲ್ಲ. ನಾನೂ ಕೇಳಲಿಲ್ಲ," ಎಂದರು ಆಸ್ವಾಲ್ಡ್. ವೆಲಿಟಾ ಬೆಂಚಿನ ಮೇಲೆ ಕೂತಳು. ಅವಳ ಬಸ್ಸು ಬಂದು ಹೋಯಿತು.

ಕೆಲವು ವಾರ ಕಳೆದು ಸ್ವಯಂಸೇವಕರ ಸಭೆಯಾಯಿತು. ಓಣಿಯ ಉದ್ದಕ್ಕೂ ಹಗ್ಗ ಕಟ್ಟುವುದೆಂದು, ಎರಡು ಪ್ರಾರ್ಥನೆಗಳ ನಡುವೆ ಹೆಚ್ಚು ಹೊತ್ತು ಬಿಡುವುದೆಂದು ಠರಾವಾಯಿತು. ಆಮೇಲೆ ಆಸ್ವಾಲ್ಡ್ ಎದ್ದು, ಇನ್ನು ಮುಂದೆ ಅಪಾಯ ಕಂಡರೆ ಗೇಟಿನಲ್ಲಿ ಇರುವವರೇ ತೀರ್ಮಾನ ತೆಗೆದುಕೊಳ್ಳಬಹುದು, ಅಪ್ಪಣೆಗೆ ಕಾಯಬೇಕಿಲ್ಲ ಎಂದರು. ಎಲ್ಲರೂ ವೆಲಿಟಾಳ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅವಳಿಗೆ ಹೊಳೆದದ್ದು ಬೇರೆ. ಇಷ್ಟು ದಿನ ಅಪ್ಪಣೆ ಕೇಳಲು ಒಬ್ಬರಿದ್ದರು, ಸಿಗದಿದ್ದರೂ ಇದ್ದರು. ಇನ್ನು ಅದೂ ಇಲ್ಲ.

"ಬಿಡ್ತೀರಾ?" ಎಂದು ಆಸ್ವಾಲ್ಡ್ ಸಭೆ ಮುಗಿದ ಮೇಲೆ ಮೆಲ್ಲಗೆ ಕೇಳಿದರು. "ಬಿಟ್ರೆ ನನಗೆ ಬೇಜಾರಿಲ್ಲ."

ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು.

ಕ್ಲಿನಿಕ್ಕಿನ ಮ್ಯಾನೇಜರ್ ಈಗಲೂ "ನೋಡೋಣ" ಎನ್ನುತ್ತಾನೆ. ಪ್ರತಿ ಭಾನುವಾರ ವೆಲಿಟಾ ಎಲ್ಲರಿಗಿಂತ ಮುಂಚೆ ಬಂದು ಓಣಿಯನ್ನು ಆ ತುದಿಯಿಂದ ಈ ತುದಿಗೆ ನಡೆದು ನೋಡುತ್ತಾಳೆ. ಮೊನ್ನೆ ಒಂದು ಸಂಸಾರ ಹಗ್ಗದೊಳಗೆ ಮಗುವಿನ ತಳ್ಳುಗಾಡಿ ನಿಲ್ಲಿಸಿ, ನೆರಳಿದೆಯೆಂದು ಅಲ್ಲೇ ಕೂತಿತ್ತು. ಅವಳು ಹೋಗಿ ಅವರ ಮುಂದೆ ನಿಂತಳು. ಆ ಸಂಸಾರದ ಗಂಡಸು ಗೊಣಗಿದ, ಎರಡೇ ನಿಮಿಷ ಎಂದ. ಅವಳು ಕದಲಲಿಲ್ಲ. ಅವರು ಎದ್ದು ತಳ್ಳುಗಾಡಿ ಹೊರಗೆ ತೆಗೆದ ಮೇಲೆ ಹಗ್ಗ ಬಿಗಿದು ಕಟ್ಟಿ, ಗೇಟಿಗೆ ಹಿಂದಿರುಗಿ, ರಸ್ತೆಯ ಕಡೆ ಮುಖ ಮಾಡಿ ನಿಂತಳು.